ಹುಚ್ಚೆಳ್ಳಿನ ಸಾಲು

ರೊಟ್ಟಿಯ ತಟ್ಟೆಯ ಅಂಚಿನಲ್ಲಿ ಗುರೆಳ್ಳು ಚಟ್ನಿಪುಡಿ ಕಂಡಾಗಲೆಲ್ಲ ದಕ್ಷಿಣದ ಬಯಲುಸೀಮೆಯಲ್ಲಿ ಬೆಳೆದವರಿಗೆ ರಾಗಿ ಹೊಲದ ಅಕ್ಕಡಿ ನೆನಪಾಗುತ್ತದೆ. ಉತ್ತರದ ಗುರೆಳ್ಳೇ ಅವರ ಹುಚ್ಚೆಳ್ಳು. ರಾಗಿಯ ಕೆಲವು ಸಾಲುಗಳಿಗೊಮ್ಮೆ ಅವರೆ, ತೊಗರಿ, ಅಲಸಂದೆ, ಜೋಳ, ಹರಳು, ಸಾಸಿವೆ, ಹುಚ್ಚೆಳ್ಳುಗಳನ್ನು ಬಿತ್ತುವ ಸಾಲಿಗೆ ಅಕ್ಕಡಿಯೆಂದು ಹೆಸರು. ಮುಂದೆ ಕೂರಿಗೆಯಲ್ಲಿ ರಾಗಿ ಇಳಿಯುತ್ತಿದ್ದರೆ, ಹಿಂದೆ ಸಡ್ಡೆಯೆಂಬ ಬಿದಿರ ಕೊಳವೆಗೆ ಹೆಂಗಸರು ಮಡಿಲ ಬೆರಕೆ ಕಾಳನ್ನು ಬಿಡುತ್ತ ಬರುತ್ತಿದ್ದರು. ಯಾವುದು ಎಷ್ಟೆಂಬ ಲೆಕ್ಕ ಅವರ ಬೆರಳುಗಳಿಗೆ ಗೊತ್ತಿತ್ತು.

ಎಕರೆಗೆ ಎಷ್ಟು ಕ್ವಿಂಟಾಲ್ ರಾಗಿಯೆಂದು ಬರೆದುಕೊಳ್ಳುವವರ ಕಣ್ಣಿಗೆ ಈ ಲೆಕ್ಕ ಬೀಳದೇ ಹೋದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಹೊಲದಿಂದ ನೇರವಾಗಿ ಅಡುಗೆಮನೆಗೆ ಹೋಗುವ ಕಾಳನ್ನು ಸುಧಾರಿಸಲು ಯಾರೂ ಅಷ್ಟಾಗಿ ಆತುರಪಡದ್ದರಿಂದ, ಒಂದೇ ಬೆಳೆಯೊಳಗೆ ಊರಿಗೊಂದು ಬಣ್ಣ, ಗಾತ್ರ, ಸೊಗಡು ಉಳಿದುಬಂದವು. ಕೃಷಿ ಜೀವವೈವಿಧ್ಯವೆಂದು ವಿದ್ವಾಂಸರು ಕರೆಯುವ ಸಂಪತ್ತಿನಲ್ಲಿ ಹಲವು ಬೆಳೆಗಳ ಜೊತೆಗೆ ಈ ಒಳಭೇದಗಳೂ ಸೇರುತ್ತವೆ.

ಅಚ್ಚ ದೇಸಿಯೆಂದು ಹೆಮ್ಮೆಪಡುವ ಈ ಹೊಲದಲ್ಲಿ ಆಫ್ರಿಕಾದಿಂದ ಬಂದವರೇ ಹೆಚ್ಚು. ರಾಗಿ, ಜೋಳ, ಅಲಸಂದೆ, ಹರಳುಗಳ ಮೂಲ ಅಲ್ಲಿಯದು. ಈ ನೆಲದಲ್ಲೇ ಹುಟ್ಟಿದ ತೊಗರಿ ಅವುಗಳ ನಡುವೆ ಒಂಟಿ ಸ್ಥಳೀಯನಂತೆ ನಿಂತಿರುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಾಡರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದದ್ದು, ಹಾಗೆ ನೋಡಿದರೆ, ದೂರವಾದ ದಾಯಾದಿಗಳನ್ನು ಒಂದೇ ಪಂಕ್ತಿಗೆ ಕೂರಿಸಿದ ಕೆಲಸ. ಹುಚ್ಚೆಳ್ಳು ಇಥಿಯೋಪಿಯಾದ ಎತ್ತರದ ಸೀಮೆಯದು. ಅಲ್ಲಿ ಅದು ನೂಗ್ ಎಂಬ ಹೆಸರಿನ ಮುಖ್ಯ ಎಣ್ಣೆಕಾಳು. ಬೆಳೆಯೊಂದರ ವೈವಿಧ್ಯ ದಟ್ಟವಾಗಿರುವಲ್ಲಿ ಅದರ ತವರನ್ನು ಹುಡುಕಬೇಕೆಂದು ವಾದಿಸಿದ ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ 1927ರಲ್ಲಿ ಬೀಜ ಸಂಗ್ರಹಿಸುತ್ತ ಅಲೆದದ್ದು ಇದೇ ಸೀಮೆಯಲ್ಲಿ. ಇನ್ನು ಈ ಗಿಡದ ಕುಲಕ್ಕೆ ಫ್ರೆಂಚ್ ಸಸ್ಯವಿಜ್ಞಾನಿ ಕಸಿನಿ 1829ರಲ್ಲಿ ಇಟ್ಟದ್ದು ಗೀಜೋ ಎಂಬ ಇತಿಹಾಸಕಾರನ ಹೆಸರು. ಆತ ಮುಂದೆ ಫ್ರಾನ್ಸಿನ ಪ್ರಧಾನಿಯಾಗಿ, 1848ರ ಕ್ರಾಂತಿಯಲ್ಲಿ ಪದವಿ ಕಳೆದುಕೊಂಡು ಇಂಗ್ಲೆಂಡಿಗೆ ಓಡಿಹೋದ. ರಾಗಿ ಹೊಲದ ಬದುವಿನಲ್ಲಿ ಅವನ ಹೆಸರು ಇಷ್ಟು ದಿನ ಬಾಳುವುದೆಂದು ಪ್ಯಾರಿಸ್ಸಿನಲ್ಲಿ ಯಾರೂ ಎಣಿಸಿರಲಾರರು.

ದನ ಸಾಮಾನ್ಯವಾಗಿ ಬಾಯಿಹಾಕದ ಗಿಡವಾದ್ದರಿಂದ ಹುಚ್ಚೆಳ್ಳನ್ನು ಹೊಲದ ಅಂಚಿಗೆ ಬಿತ್ತಿ ಬೇಲಿಯ ಕೆಲಸವನ್ನೂ ಮಾಡಿಸಿಕೊಳ್ಳುವುದುಂಟು. ನವರಾತ್ರಿಯ ಸುಮಾರಿಗೆ ರಾಗಿ ತೆನೆಗಳ ನಡುವೆ ಅದರ ಹಳದಿ ಹೂ ಎದ್ದು ಕಾಣತೊಡಗಿದರೆ ಜೇನ್ನೊಣಗಳ ಸಂತೆ ನೆರೆಯುತ್ತದೆ. ಆ ಸಂತೆ ಗಿಡಕ್ಕೆ ಬೇಕೇಬೇಕು. ತನ್ನದೇ ಪರಾಗದಿಂದ ಕಾಳು ಕಟ್ಟದ ಜಾತಿ ಅದು. ಕಟಾವಿನ ಯಂತ್ರಕ್ಕೂ ಕಳೆನಾಶಕಕ್ಕೂ ಬರಿಯ ರಾಗಿಯೇ ಅನುಕೂಲವಾದ್ದರಿಂದ ಈಗ ಅಕ್ಕಡಿ ಬಿಟ್ಟವರು ಬಹಳ. ಹಳೆಯ ಅಕ್ಕರೆಗೆ ಬದುವಿನ ಮೇಲೆ ಒಂಟಿ ಹುಚ್ಚೆಳ್ಳು ಗಿಡ ಉಳಿಸಿಕೊಂಡ ಮನೆಯವರಿಗೆ ಹೂವೇನೋ ಧಾರಾಳವಾಗಿ ಸಿಗುತ್ತದೆ, ಚಟ್ನಿಪುಡಿಗೆ ಮಾತ್ರ ಅಂಗಡಿಗೇ ಹೋಗಬೇಕಾಗುತ್ತದೆ.