ತವರೇ ನಡೆದುಬರುವ ಊರು

ಬೆಂಗಳೂರಿನ ಪೂರ್ವಕ್ಕೆ, ಕುಂದಲಹಳ್ಳಿಗೂ ಐ.ಟಿ.ಪಿ.ಎಲ್. ಎಂದು ಹೆಸರಾದ ತಂತ್ರಜ್ಞಾನ ಕೇಂದ್ರಕ್ಕೂ ನಡುವೆ ಹಬ್ಬಿರುವ ಬಡಾವಣೆಯೇ ಬ್ರೂಕ್‌ಫೀಲ್ಡ್. ಹೆಸರನ್ನು ಕನ್ನಡಕ್ಕೆ ತಿರುಗಿಸಿದರೆ ತೊರೆಯ ಬಯಲು ಎಂದಾದೀತು. ಬಯಲನ್ನು ಹುಡುಕಿ ಹೋದವರಿಗೆ ಇಂದು ಮಹಡಿಯ ಮೇಲೆ ಮಹಡಿಯೇ ಕಾಣುತ್ತದೆ. ನೀರನ್ನು ನೋಡಬೇಕಾದರೆ ಕುಂದಲಹಳ್ಳಿ ಕೆರೆಗೆ ಹೋಗಬೇಕು. ಸಂಜೆಯ ಹೊತ್ತು ಅಲ್ಲಿ ಸೊಂಟಕ್ಕೆ ಕೈಯಿಟ್ಟು ಮೆಲ್ಲನೆ ನಡೆಯುವ ದಿನತುಂಬಿದ ಬಸುರಿಯರೂ, ನೀರಿನ ಸೀಸೆ ಹಿಡಿದು ಹಿಂಬಾಲಿಸುವ ಪತಿರಾಯರೂ ಕಾಣಸಿಗುವುದುಂಟು.

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಕನ್ನಡ ನಾಡಿನ ಹಳೆಯ ಕಟ್ಟಳೆ. ಸೀಮಂತ ಮುಗಿದೊಡನೆ ಮಡಿಲು ತುಂಬಿಸಿಕೊಂಡು ಹೊರಟ ಮಗಳು ಕೂಸನ್ನೆತ್ತಿಕೊಂಡೇ ಹಿಂದಿರುಗುತ್ತಿದ್ದಳು. ಬ್ರೂಕ್‌ಫೀಲ್ಡಿನ ಅನೇಕ ಮನೆಗಳಲ್ಲಿ ಈ ಪಯಣ ತಿರುಗುಮುರುಗಾಗಿದೆ. ಮೊದಲಿನಿಂದ ನೋಡಿಕೊಂಡ ವೈದ್ಯರು ಇಲ್ಲಿ, ಗಂಡನ ಕೆಲಸ ಇಲ್ಲಿ, ಅವಳದೂ ಇಲ್ಲಿಯೇ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲೆರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆಯನ್ನು ದೊರಕಿಸಿತು. ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆಯೇ ಪಡೆಯಬಹುದು. ಆದರೆ ಮುಂಚೆ ಕಳೆದ ಒಂದೊಂದು ವಾರವೂ ಕೂಸಿನ ಪಾಲಿನಿಂದ ಕಳೆದಂತೆ ಎಂದು ಲೆಕ್ಕ ಹಾಕಿ, ಒಂಬತ್ತನೆಯ ತಿಂಗಳಿನಲ್ಲಿಯೂ ಊದಿದ ಕಾಲನ್ನು ಮಣೆಯ ಮೇಲಿಟ್ಟು ಕಂಪ್ಯೂಟರಿನ ಮುಂದೆ ಕುಳಿತವರು ಎಷ್ಟೋ ಮಂದಿ.

ಹೀಗಾಗಿ ತವರೇ ಹೊರಟುಬರುತ್ತದೆ. ಹಾಸನದಿಂದಲೋ ಶಿವಮೊಗ್ಗದಿಂದಲೋ ಬಂದ ತಾಯಿ ಮೆಜೆಸ್ಟಿಕ್ಕಿನಲ್ಲಿ ಇಳಿದು ಮೆಟ್ರೋ ಹತ್ತಿದರೆ, ನೇರಳೆ ಮಾರ್ಗ ಪೂರ್ತಿ ಜೋಡಣೆಯಾದ 2023ರ ಅಕ್ಟೋಬರಿನಿಂದೀಚೆಗೆ, ನಡುವೆ ಇಳಿದು ಹತ್ತುವ ಗೋಜಿಲ್ಲದೆ ಕುಂದಲಹಳ್ಳಿ ನಿಲ್ದಾಣವನ್ನು ಸೇರಬಹುದು. ಅವರ ಚೀಲದಲ್ಲಿ ಒಣಶುಂಠಿ, ಮೆಣಸು, ಓಮ, ಹರಳೆಣ್ಣೆ. ತಳದಲ್ಲಿ ಒಗೆದೊಗೆದು ಬೆಣ್ಣೆಯಂತಾದ ಹಳೆಯ ಹತ್ತಿಸೀರೆಗಳು.

ಬಂದ ದಿನವೇ ಒಂದು ಸಣ್ಣ ಮನಸ್ತಾಪ. ಕೋಣೆಯ ಮೂಲೆಯಲ್ಲಿ ಹೊಸ ತೊಟ್ಟಿಲು!

"ಹುಟ್ಟುವುದಕ್ಕೆ ಮುಂಚೆ ತೊಟ್ಟಿಲು ತರುತ್ತಾರೆಯೇ, ಮಗು?"

"ಆಮೇಲೆ ಓಡಾಡುವುದಕ್ಕೆ ಇಲ್ಲಿ ಯಾರಿದ್ದಾರಮ್ಮ? ಇವರೊಬ್ಬರೇ."

ತಾಯಿ ತೊಟ್ಟಿಲನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಸುಮ್ಮನಾಗುತ್ತಾರೆ. ಮಗಳು ಹಿಂದಕ್ಕೆ ತಿರುಗಿಸುವುದಿಲ್ಲ. ಬಜೆಯ ವಿಷಯದಲ್ಲಿ ಮಾತ್ರ ವೈದ್ಯರದೇ ಕಡೆಯ ಮಾತು: ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳವರೆಗೆ ಅದೊಂದೇ, ಜೇನೂ ಬೇಡ, ಬಜೆಯೂ ಬೇಡ. ಅಜ್ಜಿಯ ಪಟ್ಟು ಸಡಿಲಬೇಕಾದದ್ದು ನ್ಯಾಯವೇ. ಹಳೆಯ ಸೀರೆಯ ಮೆತ್ತನೆಯ ಬಟ್ಟೆಗೆ ವೈದ್ಯರ ಆಕ್ಷೇಪಣೆಯಿಲ್ಲ. ಒಗೆದು ಬಿಸಿಲಿಗೆ ಒಣಗಿಸಿದರೆ ಸಾಕು.

ಇಲ್ಲಿಯ ನಿಜವಾದ ಭಯ ದಾರಿಯದು. ಬ್ರೂಕ್‌ಫೀಲ್ಡಿನಲ್ಲಿ ದೂರವನ್ನು ಮೈಲಿಯಿಂದ ಅಳೆಯುವವರಿಲ್ಲ. ಎಷ್ಟು ಹೊತ್ತಾದೀತು ಎಂದೇ ಕೇಳುತ್ತಾರೆ. ನಡುರಾತ್ರಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯುವ ರಸ್ತೆ, ಕಚೇರಿಗಳು ಬಿಡುವ ಸಂಜೆಯಲ್ಲಿ ಮುಗಿಯುವುದೇ ಇಲ್ಲ. ಆದ್ದರಿಂದ ಜಾಣರಾದ ಗಂಡಂದಿರು ಬೇಕೆಂದೇ ಸಂಜೆ ಆರು ಗಂಟೆಗೆ ಆಸ್ಪತ್ರೆಯವರೆಗೆ ಹೋಗಿ, ಒಳದಾರಿಯೊಂದನ್ನೂ ಗುರುತುಮಾಡಿ ಬರುತ್ತಾರೆ. ಚೊಚ್ಚಲ ಹೆರಿಗೆಯ ನೋವು ಸಾಮಾನ್ಯವಾಗಿ ಹಲವು ಗಂಟೆ ಹಿಡಿಯುವುದರಿಂದ ಎದೆಗುಂದಬೇಕಾಗಿಲ್ಲ. ಆದರೆ ರಕ್ತ ಕಂಡರೆ, ನೀರು ಒಡೆದರೆ, ತಲೆನೋವಿನೊಡನೆ ಕಣ್ಣು ಮಂಜಾದರೆ, ಕೂಸಿನ ಮಿಸುಕಾಟ ಕಡಮೆಯಾಯಿತೆನಿಸಿದರೆ, ನೋವಿಗಾಗಿ ಕಾಯದೆ ಹೊರಟುಬಿಡಬೇಕು.

ಕಟ್ಟಡಗಳ ಬೆನ್ನಿಗೆ ತಗಡಿನ ಶೆಡ್ಡುಗಳಿವೆ. ಈ ಮಹಡಿಗಳನ್ನು ಕಟ್ಟಲೆಂದು ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದ ಬಂದವರ ವಾಸ ಅಂಥವುಗಳಲ್ಲಿ. ತವರಿಗೆ ಹೋದರೆ ಕೂಲಿ ಹೋಯಿತು. ತವರೇ ಬರೋಣವೆಂದರೆ ಮಲಗಲು ಜಾಗವಿಲ್ಲ. ಅಲ್ಲಿಯ ಬಸುರಿಯ ಸಿದ್ಧತೆಯೆಂದರೆ ಸರ್ಕಾರದ ತಾಯಿ ಕಾರ್ಡು, ಆಶಾ ಕಾರ್ಯಕರ್ತೆಯ ದೂರವಾಣಿ ಸಂಖ್ಯೆ, 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108ರ ಆಂಬುಲೆನ್ಸು. ಕಿರಿದಾದ ಆ ಓಣಿಗೆ ವಾಹನ ನುಗ್ಗದಿದ್ದರೆ ದೊಡ್ಡ ರಸ್ತೆಯವರೆಗೆ ಕೈಹಿಡಿದು ನಡೆಸಬೇಕಾದವರು ನೆರೆಯ ಹೆಂಗಸರೇ.

ಮಹಡಿಯ ಮನೆಯಲ್ಲಿ ಈಗ ಬಾಗಿಲ ಬಳಿ ಚೀಲ ಸಿದ್ಧವಾಗಿದೆ: ತಪಾಸಣೆಯ ಕಾಗದಗಳು, ರಕ್ತದ ಗುಂಪಿನ ಚೀಟಿ, ವಿಮೆಯ ಕಾರ್ಡು, ಎರಡು ಸೀರೆಯ ತುಂಡು. ರಾತ್ರಿ ಊಟವಾದ ಮೇಲೆ ತಾಯಿ ಕೆಳಗಿಳಿದು, ಗೇಟಿಗೆ ಅಡ್ಡವಾಗಿ ಯಾರೂ ಕಾರು ನಿಲ್ಲಿಸದಂತೆ ನೋಡಿಕೊಳ್ಳಪ್ಪಾ ಎಂದು ಕಾವಲುಗಾರನಿಗೆ ಹೇಳುತ್ತಾರೆ. ಅಸ್ಸಾಮಿನ ಆ ಹುಡುಗನಿಗೆ ಕನ್ನಡ ಬಾರದು. ಅವರು ಹೊಟ್ಟೆಯ ಮುಂದೆ ಕೈಯನ್ನು ದುಂಡಗೆ ತಿರುಗಿಸಿ, ರಸ್ತೆಯ ಕಡೆಗೆ ತೋರಿಸುತ್ತಾರೆ. ಅವನು ತಲೆಯಾಡಿಸಿ, ಅಡ್ಡವಿದ್ದ ಸ್ಕೂಟರೊಂದನ್ನು ಆಗಲೇ ಪಕ್ಕಕ್ಕೆ ಸರಿಸುತ್ತಾನೆ.