ಬಾಣಂತಿಗೆ ಹತ್ತು ಪ್ರಶ್ನೆ

ಕಡೂರಿನ ಯಾವ ಹಳ್ಳಿಯೇ ಆಗಲಿ, ಆಸ್ಪತ್ರೆಯಲ್ಲಿ ಹೆತ್ತು ಮನೆಗೆ ಬಂದವಳನ್ನು ಆಶಾ ಕಾರ್ಯಕರ್ತೆ ನೋಡಬೇಕಾದ ದಿನಗಳು ನಿಗದಿಯಾಗಿವೆ: 3, 7, 14, 21, 28, 42. ಮಗುವಿನ ತೂಕ, ಮೈಬಿಸಿ, ಎದೆಹಾಲು, ತಾಯಿಯ ಜ್ವರ, ರಕ್ತಸ್ರಾವ ಎಲ್ಲ ವಿಚಾರಿಸ್ತಾರೆ. ಅಲ್ಲಿವರೆಗೂ ಹೋದವರಿಂದ ಅವಳ ಮನಸ್ಸನ್ನೂ ಒಂದಿಷ್ಟು ಕೇಳಿಸಬಾರದೇ?

ಪ್ರಶ್ನೆಗಳು 1987ರಿಂದಲೇ ಸಿದ್ಧ ಇವೆ. ಹೆರಿಗೆ ನಂತರದ ಖಿನ್ನತೆಯ ಸುಳಿವು ಹಿಡಿಯುವ ಎಡಿನ್‌ಬರೋ ಮಾಪಕ ಅಂತ ಹೆಸರು, ಕನ್ನಡದಲ್ಲೂ ಇದೆ. ಕಳೆದ ಏಳು ದಿನದ ನಗು, ಭಯ, ನಿದ್ದೆ, ಅಳುವಿನ ಬಗ್ಗೆ ಹತ್ತೇ ಪ್ರಶ್ನೆ, ಒಟ್ಟು 30 ಅಂಕ. 13 ಅಥವಾ ಹೆಚ್ಚು ಬಂದರೆ ಕಾಯಿಲೆ ಇದೆ ಅಂತಲ್ಲ, ವೈದ್ಯರು ನೋಡಲಿ ಅಂತ. ಹತ್ತನೆಯದು ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅದಕ್ಕೆ ಹೌದು ಅಂದರೆ ಅಂಕ ಎಷ್ಟಿದ್ದರೂ ತಡಮಾಡುವಂತಿಲ್ಲ.

ತೊಡಕು ಬೇರೆ ಕಡೆ ಇದೆ. ಅಮ್ಮ, ಅತ್ತೆ, ಓರಗಿತ್ತಿ ಸುತ್ತ ಕೂತಿರುವಾಗ ಯಾವ ಬಾಣಂತಿ ತಾನೇ "ಚೆನ್ನಾಗಿದೀನಿ" ಅನ್ನದೆ ಇನ್ನೇನು ಹೇಳ್ತಾಳೆ? ಮಾಪಕಕ್ಕಿಂತ ಮೊದಲು ಬೇಕಾಗಿರೋದು ಐದು ನಿಮಿಷದ ಏಕಾಂತ. ಮಗುವನ್ನು ಎತ್ತಿಕೊಂಡು ಜಗಲಿಗೆ ಹೋಗುವ ಕೆಲಸ ಮನೆಯವರದ್ದು.

ಅಂದಹಾಗೆ, ಮನಸ್ಸಿನ ತೊಂದರೆಗೆಂದೇ ಇರುವ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ತಾಯಿ ಕಾರ್ಡಿನ ಹಿಂದೆ ಬರೆದಿಡಿ.