ಎಸ್ಟೋನಿಯಾ: ನೀರಿಗೆ ಬಿದ್ದ ಮೇಲೆ

1994ರ ಸೆಪ್ಟೆಂಬರ್ 28, ರಾತ್ರಿ ಒಂದೂವರೆ ಗಂಟೆ. ಟ್ಯಾಲಿನ್‌ನಿಂದ ಸ್ಟಾಕ್‌ಹೋಮ್‌ಗೆ ಹೊರಟ ‘ಎಸ್ಟೋನಿಯಾ’ ಹಡಗಿನ ಹೊರ ಡೆಕ್ಕಿನಲ್ಲಿ ನೀವಿದ್ದೀರಿ. ನಿಂತಿದ್ದೀರಿ ಅನ್ನುವಂತಿಲ್ಲ, ನೆಲವೇ ಗೋಡೆಯಾಗುತ್ತಿದೆ. ಬಾಲ್ಟಿಕ್ ಅಲೆಗಳ ಹೊಡೆತಕ್ಕೆ ಹಡಗಿನ ಮೂತಿಯ ಕವಚ ಕಳಚಿಬಿದ್ದು, ವಾಹನಗಳ ಅಂತಸ್ತಿಗೆ ನೀರು ನುಗ್ಗಿದೆ. ಒಳಗಿದ್ದ 989 ಮಂದಿಯಲ್ಲಿ ಹೊರಗೆ ಬರಲಾದದ್ದು ಸುಮಾರು 300 ಮಂದಿಗೆ. ಕೈಗೆ ಲೈಫ್ ಜಾಕೆಟ್ ಸಿಕ್ಕಿದೆ, ಆದರೆ ಯಾವ ಪಟ್ಟಿಯನ್ನು ಎಲ್ಲಿಗೆ ಕಟ್ಟಬೇಕೋ ತಿಳಿಯದು. ಪಕ್ಕದವನಿಗೂ ತಿಳಿಯದು. ಹಡಗು ಹತ್ತಿದ ಸಂಜೆಯೇ ನೋಡಿಟ್ಟುಕೊಳ್ಳಬೇಕಾದದ್ದನ್ನು ಈಗ ಕತ್ತಲಲ್ಲಿ ತಡಕಾಡುತ್ತಿದ್ದೀರಿ.

ಬಿದ್ದಿರಿ.

ನೀರು 10–11 ಡಿಗ್ರಿ. ಚರ್ಮಕ್ಕೆ ಆ ತಣ್ಣೀರು ತಾಗಿದ್ದೇ ತಡ, ನಿಮ್ಮನ್ನು ಕೇಳದೆ ಬಾಯಿ ತೆರೆದು ಗಕ್ಕನೆ ಉಸಿರೆಳೆಯುತ್ತದೆ. ಆ ಕ್ಷಣ ತಲೆ ನೀರಿನಡಿ ಇದ್ದರೆ ಎಲ್ಲ ಅಲ್ಲಿಗೇ ಮುಗಿಯಿತು. ಚಳಿಯಿಂದ ಸಾಯಲು ಹೊತ್ತು ಬೇಕು. ತಣ್ಣೀರಿನಲ್ಲಿ ಎಷ್ಟೋ ಜನಕ್ಕೆ ಅಷ್ಟು ಹೊತ್ತೂ ಸಿಗುವುದಿಲ್ಲ. ಈಜಬೇಡಿ. ಮುಖ ಮೇಲಿಟ್ಟು ತೇಲಿ. ಏದುಸಿರು ಒಂದೆರಡು ನಿಮಿಷದಲ್ಲಿ ಹಿಡಿತಕ್ಕೆ ಬರುತ್ತದೆ. ಆಮೇಲೆ ಬೆರಳುಗಳು ನಿಮ್ಮ ಮಾತು ಕೇಳುವುದು ಹತ್ತು ನಿಮಿಷವೋ ಸ್ವಲ್ಪ ಹೆಚ್ಚೋ. ಪಟ್ಟಿ ಬಿಗಿಯುವುದು, ತೆಪ್ಪದ ಹಗ್ಗ ಹಿಡಿಯುವುದು, ಎಲ್ಲ ಅಷ್ಟರೊಳಗೇ ಆಗಬೇಕು.

ತೆಪ್ಪ ಸಿಕ್ಕಿತು, ಮಗುಚಿಕೊಂಡಿದ್ದ ತೆಪ್ಪ. ತಲೆಯ ಮೇಲೆ ಹೊದಿಕೆಯಿಲ್ಲ. ಒಬ್ಬರಿಗೊಬ್ಬರು ಒತ್ತಿಕೊಂಡು, ಮಂಡಿ ಎದೆಗೆಳೆದುಕೊಂಡು ಕೂರುತ್ತೀರಿ. ಎರಡು ಗಂಟೆಯಾಗುವ ಮೊದಲೇ ಹಡಗು ಮುಳುಗಿಹೋಗಿದೆ. ಮಗ್ಗುಲಿನವನ ನಡುಕ ನಿಂತಿತು. ಸುಧಾರಿಸಿಕೊಂಡ ಅಂದುಕೊಳ್ಳಬೇಡಿ. ಮೈಯ ಕಾವು 32 ಡಿಗ್ರಿಗಿಂತ ಕೆಳಗಿಳಿದರೆ ನಡುಗುವ ತ್ರಾಣವೂ ಹೋಗುತ್ತದೆ.

2.12ಕ್ಕೆ ‘ಮರಿಯೆಲ್ಲಾ’ ಹಡಗು ಬಂತು. ದೀಪಗಳು ಇಷ್ಟು ಹತ್ತಿರದಲ್ಲಿವೆ, ಆದರೆ ನಡುವೆ ನಾಲ್ಕು ಮೀಟರ್ ಅಲೆಗಳು, ಎದುರಿಗೆ ಗೋಡೆಯಂಥ ಹಡಗಿನ ಮೈ. ಮೇಲಿನವರು ತೆಪ್ಪಗಳನ್ನು ಇಳಿಬಿಟ್ಟು ಕೆಲವರನ್ನು ಎತ್ತಿಕೊಂಡರು. ಮೊದಲ ಹೆಲಿಕಾಪ್ಟರ್ ಬಂದಾಗ ಮೂರು ದಾಟಿತ್ತು.

ಎತ್ತುವುದರಲ್ಲೂ ಅಪಾಯವಿದೆ, ಇದು ಹಲವರಿಗೆ ಗೊತ್ತಿಲ್ಲ. ನೀರಿನ ಒತ್ತಡ ಕಾಲಿನ ರಕ್ತವನ್ನು ಎದೆಯ ಕಡೆಗೆ ತಳ್ಳಿಟ್ಟಿರುತ್ತದೆ. ಮರಗಟ್ಟಿದ ಮನುಷ್ಯನನ್ನು ನೆಟ್ಟಗೆ ಮೇಲಕ್ಕೆಳೆದರೆ ಆ ರಕ್ತ ಮತ್ತೆ ಕೆಳಗಿಳಿದು, ಮೊದಲೇ ತಣ್ಣಗಾಗಿದ್ದ ಹೃದಯ ನಿಂತುಬಿಡಬಹುದು. ಅದಕ್ಕೇ ಸಾಧ್ಯವಾದಲ್ಲೆಲ್ಲ ಕಂಕುಳಡಿ ಒಂದು, ಮಂಡಿಯಡಿ ಒಂದು ಪಟ್ಟಿ ಹಾಕಿ ಮಲಗಿಸಿದಂತೆಯೇ ಎತ್ತಬೇಕು. ಮೇಲೆ ತಂದ ಮೇಲೂ ನಡೆಸಬಾರದು, ಕೈಕಾಲು ತಿಕ್ಕಬಾರದು, ಬ್ರಾಂದಿಯನ್ನಂತೂ ಕುಡಿಸಲೇಬಾರದು. ಒದ್ದೆ ಬಟ್ಟೆ ಕತ್ತರಿಸಿ ತೆಗೆದು, ಒಣ ಕಂಬಳಿ ಸುತ್ತಿ ಮಲಗಿಸಬೇಕು.

ಉಸಿರಿಲ್ಲದವರಿಗೆ ಮೊದಲು ಬೇಕಾದದ್ದು ಉಸಿರು. ಇಂದಿನ ಯುರೋಪಿನ ವೈದ್ಯರ ಸೂಚನೆಯಂತೆ ಮೊದಲು ಐದು ಸಲ ಬಾಯಿಗೆ ಬಾಯಿಟ್ಟು ಊದಬೇಕು, ಆಮೇಲೆ ಎದೆ ಒತ್ತಬೇಕು. ನಮ್ಮ ಕೆರೆ-ಕಾಲುವೆ ದಡದಲ್ಲಿ ಈಗಲೂ ತಲೆಕೆಳಗು ಹಿಡಿದು, ಹೊಟ್ಟೆ ಒತ್ತಿ ನೀರು ಕಕ್ಕಿಸುವವರಿದ್ದಾರೆ. ದಯವಿಟ್ಟು ಬೇಡ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಉಸಿರು ಊದಬೇಕಾದ ಹೊತ್ತೂ ಕಳೆದುಹೋಗುತ್ತದೆ. ಎದ್ದು ಕೂತು ಮಾತಾಡಿದವರನ್ನೂ, ಕೆಮ್ಮುತ್ತಿದ್ದರೆ, ಆಸ್ಪತ್ರೆಗೆ ಸೇರಿಸಬೇಕು. ಶ್ವಾಸಕೋಶ ಗಂಟೆಗಳ ನಂತರವೂ ಕೈಕೊಡಬಹುದು. ಹಾಗೆಯೇ, ಮಂಜಿನಂತೆ ತಣ್ಣಗಾದವರನ್ನು ಕಾವೇರಿಸಿ ನೋಡದೆ ಸತ್ತರೆಂದು ವೈದ್ಯರು ಅವಸರದಲ್ಲಿ ಹೇಳುವುದಿಲ್ಲ.

ಆ ರಾತ್ರಿ ಜೀವಂತವಾಗಿ ಮೇಲೆತ್ತಿದ್ದು 138 ಮಂದಿಯನ್ನು: ಹೆಲಿಕಾಪ್ಟರ್‌ಗಳು 104, ಹಡಗುಗಳು 34. ಅವರಲ್ಲಿ ಒಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರು. ಸತ್ತವರು ಒಟ್ಟು 852.